ಗುಳಿಗೆಯ ಮೇಲಿನ ತಾರೀಖು

ಕಳೆದ ಮಳೆಗಾಲದಲ್ಲಿ ನಮ್ಮ ಪರಿಚಯದ ಗೃಹಸ್ಥರೊಬ್ಬರು ಕಚೇರಿಗೆ ಬಂದು ನಮ್ಮ ಮೇಜಿನ ಮೇಲೆ ಒಂದು ಸಣ್ಣ ತಗಡಿನ ಡಬ್ಬಿಯನ್ನು ಇಟ್ಟರು. ಮುಚ್ಚಳ ತೆರೆದಾಗ ಅದರೊಳಗೆ ಇಪ್ಪತ್ತರಷ್ಟು ಬಿಳಿಯ ಗುಳಿಗೆಗಳು ಕಂಡವು. ಅವರ ಹನ್ನೊಂದು ವರ್ಷದ ಮಗನಿಗೆ ಅಪಸ್ಮಾರ. ಜನರಾಡುವ ಮಾತಿನಲ್ಲಿ ಮೂರ್ಛೆರೋಗ. ಡಾಕ್ಟರರು ಬರೆದುಕೊಟ್ಟ ಕಾರ್ಬಮಾಜೆಪಿನ್ ಎಂಬ ಔಷಧದಿಂದ ಎರಡು ವರ್ಷಗಳ ಕಾಲ ಹುಡುಗನಿಗೆ ಒಂದು ಸಲವೂ ಸೆಳವು ಬಂದಿರಲಿಲ್ಲ. ಆ ತಿಂಗಳಲ್ಲಿ ಮಾತ್ರ ಎರಡು ಸಲ ಬಂದಿತ್ತು. ಎರಡನೆಯ ಸಲ ಶಾಲೆಯ ಮೆಟ್ಟಿಲುಗಳ ಮೇಲೆ. "ಒಂದು ಹೊತ್ತಿನ ಗುಳಿಗೆಯೂ ತಪ್ಪಿಲ್ಲ. ಮುದ್ದತೂ ಮುಗಿದಿಲ್ಲ, ಇನ್ನೂ ಎಂಟು ತಿಂಗಳು ಇದೆ" ಎಂದು ಹೇಳಿ ಅಂಗಡಿಯ ಬಿಲ್ಲನ್ನೂ ತೋರಿಸಿದರು. ಅವರ ಮಾತು ಸುಳ್ಳಾಗಿರಲಿಲ್ಲ. ಆದರೆ ಮನೆಯಲ್ಲಿ ನಡೆದುದು ಇಷ್ಟು: ಮುಂಜಾನೆಯ ಗಡಿಬಿಡಿಯಲ್ಲಿ ಮೊಮ್ಮಗನಿಗೆ ತಡವಾಗಬಾರದೆಂದು ಅಜ್ಜಿಯವರು ತಿಂಗಳ ಗುಳಿಗೆಗಳನ್ನೆಲ್ಲ ಬೇಗಡೆಯಿಂದ ಒಮ್ಮೆಲೇ ಬಿಡಿಸಿ ಡಬ್ಬಿಗೆ ತುಂಬಿ, ಆ ಡಬ್ಬಿಯನ್ನು ಅಡಿಗೆಯ ಮನೆಯಲ್ಲಿ ಒಲೆಯ ಮಗ್ಗುಲ ಮಾಡದಲ್ಲಿ ಇಟ್ಟಿದ್ದರು. ಡಾಕ್ಟರರು ಹೊಸ ಗುಳಿಗೆ ಬರೆದುಕೊಟ್ಟು, "ಇದೇ ಕಾರಣವೆಂದು ನಾನು ಹೇಳಲಾರೆ, ಇದು ಕಾರಣವಲ್ಲವೆಂದೂ ಹೇಳಲಾರೆ" ಎಂದರಂತೆ.

ಆ ಗೃಹಸ್ಥರು ನಮ್ಮಲ್ಲಿಗೆ ಬಂದುದು ಯಾರ ಮೇಲೂ ದೂರು ಕೊಡುವುದಕ್ಕಲ್ಲ. "ಇಷ್ಟು ಓದಿದವನು ನಾನು, ನನಗೇ ಇದು ತಿಳಿದಿರಲಿಲ್ಲ, ನೀವಾದರೂ ನಾಲ್ಕು ಜನರಿಗೆ ತಿಳಿಸಿರಿ" ಎಂದು ಹೇಳಿಹೋದರು. ಆ ಮಾತನ್ನು ನಡೆಸಿಕೊಡುವುದಕ್ಕಾಗಿ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಔಷಧದ ಮೇಲೆ ಅಚ್ಚಾದ ತಾರೀಖಿನ ಬಗೆಗೆ ನಮ್ಮ ಜನರಲ್ಲಿ ಎರಡು ನಂಬಿಕೆಗಳು ರೂಢವಾಗಿವೆ. ಕೆಲವರು ಅದನ್ನು ಗ್ರಹಣಕಾಲದಂತೆ ಭಾವಿಸುವರು. ಆ ದಿನದ ವರೆಗೆ ಅಮೃತವಾಗಿದ್ದುದು ಮರುದಿನ ವಿಷವಾಗುವುದೆಂದು ಹೆದರುವರು. ಮತ್ತೆ ಕೆಲವರು ಅದು ಕಂಪೆನಿಯವರು ತಮ್ಮ ಮಾಲು ಬೇಗ ಖರ್ಚಾಗಲೆಂದು ಹೂಡಿದ ಉಪಾಯವೆಂದು ನಕ್ಕುಬಿಡುವರು. ಒಂದೇ ಮನೆಯಲ್ಲಿ ತಂದೆ ಮೊದಲನೆಯ ಪಕ್ಷದವರೂ ಮಗ ಎರಡನೆಯ ಪಕ್ಷದವನೂ ಆಗಿರುವುದನ್ನು ನಾವು ಕಂಡಿದ್ದೇವೆ. ಎರಡೂ ಪಕ್ಷದವರು ಲಕ್ಷ್ಯಕ್ಕೆ ತೆಗೆದುಕೊಳ್ಳದ ಸಂಗತಿಯೊಂದಿದೆ. ಆ ತಾರೀಖು ಒಂದು ಕರಾರಿನ ಕೊನೆಯ ದಿನ, ಕರಾರಿಗಾದರೋ ಷರತ್ತುಗಳುಂಟು.

ಕರಾರು ಇಂಥದು: "ಈ ಔಷಧವನ್ನು ನಾವು ಮುಚ್ಚಿಕೊಟ್ಟ ಹೊದಿಕೆಯಲ್ಲಿಯೇ, ನಾವು ಹೇಳಿದ ತಂಪಿನಲ್ಲಿಯೂ ಒಣ ಜಾಗದಲ್ಲಿಯೂ ಇಟ್ಟುಕೊಂಡರೆ, ಈ ತಿಂಗಳ ಕೊನೆಯ ವರೆಗೆ ಇದರ ಸತ್ತ್ವಕ್ಕೂ ಶುದ್ಧಿಗೂ ನಾವು ಹೊಣೆ." ತಿಂಗಳು ಮತ್ತು ವರ್ಷ ಮಾತ್ರ ಅಚ್ಚಾಗಿದ್ದರೆ ಆ ತಿಂಗಳ ಕಡೆಯ ದಿನದ ವರೆಗೆ ಎಂದು ಅರ್ಥ, ತಿಂಗಳು ಹುಟ್ಟಿದೊಡನೆ ಮುಗಿಯಿತೆಂದು ಎಸೆಯುವವರು ಇದನ್ನು ಗಮನಿಸಬೇಕು. ಸತ್ತ್ವವೆಂದರೆ ಏನು? ಹೆಸರಿನಲ್ಲಿ ಹೇಳಿದ ಪ್ರಮಾಣದ ಮೂಲದ್ರವ್ಯದಲ್ಲಿ ಸಾಮಾನ್ಯವಾಗಿ ನೂರಕ್ಕೆ 90 ಭಾಗಕ್ಕೆ ಕಡಿಮೆಯಾಗದಷ್ಟು ಉಳಿದಿರಬೇಕು. ಇದನ್ನು ಗೊತ್ತುಮಾಡಲು ಕಾರಖಾನೆಯವರು ಗುಳಿಗೆಗಳನ್ನು 40 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ, ಗಾಳಿಯ ತೇವ ನೂರಕ್ಕೆ 75 ಇರುವ ಪೆಟ್ಟಿಗೆಯೊಳಗೆ ಆರು ತಿಂಗಳು ಇಟ್ಟು ಪರೀಕ್ಷಿಸುವರು. ಅದರ ಜೊತೆಗೆ ಸಾಧಾರಣ ಕಾವಿನಲ್ಲಿ ವರ್ಷಗಟ್ಟಲೆ ಇಟ್ಟೂ ನೋಡುವರು. ಎರಡು ಅಥವಾ ಮೂರು ವರ್ಷಗಳ ಪರೀಕ್ಷೆಯಲ್ಲಿ ನಿಂತುದಕ್ಕೆ ಅಷ್ಟೇ ವರ್ಷಗಳ ಮುದ್ದತು ಬರೆಯುವರು. ಅದರಾಚೆಗೆ ಔಷಧ ಕೆಟ್ಟಿತೆಂದು ಅವರು ಕಂಡಿರುವುದಿಲ್ಲ. ಅವರು ನೋಡಿಯೇ ಇರುವುದಿಲ್ಲ.

ಈ ವಿಚಾರ ಪಶ್ಚಿಮದಿಂದಲೇ ಬಂದುದೆಂದು ತಿಳಿಯಬೇಕಾಗಿಲ್ಲ. ಚೂರ್ಣಕ್ಕೆ ಎರಡು ತಿಂಗಳು, ಗುಟಿಕೆಗೆ ಒಂದು ವರ್ಷ, ಆಸವವಾದರೆ ಹಳೆಯದಾದಷ್ಟೂ ಗುಣ ಹೆಚ್ಚು ಎಂದು ಶಾರ್ಙ್ಗಧರ ಸಂಹಿತೆಯಲ್ಲಿಯೇ ವಿಧಿಸಿದೆ. ಈಗಿನ ಕಾಯಿದೆಯ ಮಟ್ಟಿಗೆ ಹೇಳುವುದಾದರೆ, 1940ರ ಔಷಧ ಕಾಯಿದೆ ಮತ್ತು 1945ರ ನಿಯಮಗಳ ಮೇರೆಗೆ ನಮ್ಮ ದೇಶದಲ್ಲಿ ಮುದ್ದತು ಮೀರಿದ ಔಷಧವನ್ನು ಮಾರುವುದು ನಿಷಿದ್ಧ. ಅಮೇರಿಕೆಯಲ್ಲಿ ಎಲ್ಲ ಔಷಧಗಳ ಮೇಲೆ ತಾರೀಖು ಕಡ್ಡಾಯವಾದುದು 1979ರಲ್ಲಿ.

ಮುದ್ದತು ಮೀರಿದೊಡನೆ ವಿಷವಾಗುವುದೆಂಬ ಹೆದರಿಕೆಗೆ ಆಧಾರ ಬಹು ಅಲ್ಪ. ಟೆಟ್ರಾಸೈಕ್ಲಿನ್ ಎಂಬ ಔಷಧ ಹಳೆಯದಾಗಿ ಮೂತ್ರಪಿಂಡಗಳಿಗೆ ಅಪಾಯ ಮಾಡಿದ ವರದಿಗಳು 1963ರ ಸುಮಾರಿಗೆ ಬಂದುವು. ಆ ಮೇಲೆ ಅದರ ಕೂಡಿಕೆಯನ್ನೇ ಬದಲಿಸಿದರು. ಸಾಮಾನ್ಯ ಗುಳಿಗೆಗಳ ಮಾತು ಬೇರೆ. ಅಮೇರಿಕೆಯ ಸೈನ್ಯದವರು ಕೋಟಿಗಟ್ಟಲೆ ಬೆಲೆಯ ಔಷಧವನ್ನು ತಾರೀಖು ಮುಗಿಯಿತೆಂದು ಸುಡಬೇಕಾಗಿ ಬಂದಾಗ, 1986ರಿಂದ ಅಲ್ಲಿಯ ಔಷಧ ಇಲಾಖೆಯಿಂದ ಅವನ್ನು ಮತ್ತೆ ಪರೀಕ್ಷೆ ಮಾಡಿಸತೊಡಗಿದರು. 2006ರಲ್ಲಿ ಹೊರಬಂದ ಅದರ ಲೆಕ್ಕದಲ್ಲಿ 122 ಔಷಧಗಳ 3,005 ತಂಡಗಳನ್ನು ನೋಡಲಾಗಿ, ನೂರಕ್ಕೆ 88 ತಂಡಗಳು ಇನ್ನೂ ಒಂದು ವರ್ಷಕ್ಕಾದರೂ ಯೋಗ್ಯವೆಂದು ಕಂಡುಬಂದುವು. ಹೆಚ್ಚಿದ ಕಾಲದ ಸರಾಸರಿ 66 ತಿಂಗಳು. ಕ್ಯಾಲಿಫೋರ್ನಿಯದ ಸಂಶೋಧಕರು 2012ರಲ್ಲಿ ಇದಕ್ಕೂ ಸೋಜಿಗದ ಪರೀಕ್ಷೆ ಮಾಡಿದರು. ಒಂದು ಅಂಗಡಿಯಲ್ಲಿ ಮುದ್ದತು ಮೀರಿ 28ರಿಂದ 40 ವರ್ಷ ಬಿದ್ದಿದ್ದ, ಒಮ್ಮೆಯೂ ತೆರೆಯದ ಔಷಧಗಳು ಅವರ ಕೈಗೆ ಸಿಕ್ಕುವು. ಅಳೆಯಲು ಸಾಧ್ಯವಾದ 14 ದ್ರವ್ಯಗಳಲ್ಲಿ 12 ದ್ರವ್ಯಗಳು ನೂರಕ್ಕೆ 90 ಭಾಗಕ್ಕಿಂತ ಕಡಿಮೆಯಾಗದೆ ಉಳಿದಿದ್ದುವು. ಅಪಸ್ಮಾರಕ್ಕೆ 1912ರಿಂದ ಕೊಡುತ್ತ ಬಂದಿರುವ ಫಿನೋಬಾರ್ಬಿಟಾಲ್ ಆ ಪಟ್ಟಿಯಲ್ಲಿತ್ತು. ಮನಸ್ಸಿನ ಕಳವಳಕ್ಕೆ ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿದ್ದ ಮೆಪ್ರೊಬಾಮೇಟ್ ಕೂಡ ಇತ್ತು.

ಇದನ್ನು ಓದಿ, "ಹಾಗಾದರೆ ನಮ್ಮ ಕಪಾಟಿನ ಹಳೆಯ ಗುಳಿಗೆಗೂ ಕೇಡಿಲ್ಲ" ಎಂದುಕೊಳ್ಳುವ ವಾಚಕರಿಗೆ ಒಂದು ಪ್ರಶ್ನೆ. ಸೈನ್ಯದ ಉಗ್ರಾಣದಲ್ಲಿ ಔಷಧವಿದ್ದುದು ಮೊದಲಿನ ಹೊದಿಕೆಯಲ್ಲಿ, ಗೊತ್ತಾದ ಕಾವಿನಲ್ಲಿ. ನಿಮ್ಮದು ಎಲ್ಲಿದೆ? ಕಲಬುರ್ಗಿ ರಾಯಚೂರುಗಳ ಬೇಸಗೆಯಲ್ಲಿ ನೆರಳಿನ ಕಾವೇ 40 ಡಿಗ್ರಿ ದಾಟುವುದು. ಬಿಸಿಲಿಗೆ ನಿಂತ ಮೋಟಾರಿನ ಒಳಗಿನ ಕಾವು ಅದಕ್ಕೂ ಮಿಗಿಲು. ಮಂಗಳೂರು ಕಾರವಾರಗಳ ಮಳೆಗಾಲದಲ್ಲಿ ಉಪ್ಪು ನೀರೊಡೆಯುವುದು, ಬೆಂಕಿಕಡ್ಡಿ ಹೊತ್ತದು. ಕಾವು ಹತ್ತು ಡಿಗ್ರಿ ಏರಿದರೆ ಔಷಧ ಕೆಡುವ ವೇಗ ಸ್ಥೂಲವಾಗಿ ಇಮ್ಮಡಿಯಾಗುವುದೆಂದು ರಸಾಯನಶಾಸ್ತ್ರಜ್ಞರ ಲೆಕ್ಕ. ಅಮೇರಿಕೆಯ ಆ ಪರೀಕ್ಷೆಯಲ್ಲಿಯೂ ಒಂದೇ ಔಷಧದ ಒಂದು ತಂಡ ವರ್ಷಗಟ್ಟಲೆ ನಿಂತರೆ ಇನ್ನೊಂದು ಬೇಗ ಬಿದ್ದುಹೋದುದುಂಟು. ನೋಡುವ ಕಣ್ಣಿಗೆ ಎರಡೂ ಒಂದೇ.

ತಲೆನೋವಿನ ಗುಳಿಗೆ ಸ್ವಲ್ಪ ಸಪ್ಪೆಯಾದರೆ ತಲೆನೋವು ಇನ್ನೊಂದು ಗಳಿಗೆ ಉಳಿಯಬಹುದು, ಅಷ್ಟೆ. ಅಪಸ್ಮಾರದ ಔಷಧಕ್ಕೆ ಈ ಸಡಿಲು ಇಲ್ಲ. ಇಲ್ಲಿ ರಕ್ತದಲ್ಲಿ ಔಷಧವು ಒಂದು ಮಟ್ಟಕ್ಕೆ ಇಳಿಯದಂತೆ, ಇನ್ನೊಂದು ಮಟ್ಟಕ್ಕೆ ಏರದಂತೆ ನಿಲ್ಲಬೇಕು. 1938ರಲ್ಲಿ ಮೆರಿಟ್ ಮತ್ತು ಪಟ್ನಮ್ ಎಂಬ ವೈದ್ಯರು ಬಳಕೆಗೆ ತಂದ ಫೆನಿಟಾಯಿನ್ ಔಷಧದಲ್ಲಿ ಈ ದಾರಿ ತೀರ ಇಕ್ಕಟ್ಟಾದುದು: ರಕ್ತದ ಒಂದು ಮಿಲಿಲೀಟರಿಗೆ 10 ಮೈಕ್ರೊಗ್ರಾಮಿಗಿಂತ ಕಡಿಮೆಯಾದರೆ ಸೆಳವು ಮರುಕಳಿಸಬಹುದು, 20ಕ್ಕಿಂತ ಹೆಚ್ಚಿದರೆ ಕಣ್ಣು ತೇಲುವುದು, ನಡಿಗೆ ತಡವರಿಸುವುದು. ಪ್ರಮಾಣದಲ್ಲಿ ಆದ ಸಣ್ಣ ವ್ಯತ್ಯಾಸ ರಕ್ತದ ಮಟ್ಟದಲ್ಲಿ ದೊಡ್ಡ ವ್ಯತ್ಯಾಸವಾಗಿ ಕಾಣುವುದು ಇದರ ಸ್ವಭಾವ. ಇಂಥ ಔಷಧವನ್ನು ನೂರು ಇದೆಯೋ ಎಂಬತ್ತು ಇದೆಯೋ ತಿಳಿಯದೆ ನುಂಗುವುದು ತಕ್ಕಡಿಯಿಲ್ಲದೆ ಚಿನ್ನ ತೂಗಿದಂತೆ.

ಆ ಹುಡುಗ ತೆಗೆದುಕೊಳ್ಳುತ್ತಿದ್ದ ಕಾರ್ಬಮಾಜೆಪಿನ್ ವಿಷಯದಲ್ಲಿ ಮತ್ತೊಂದು ವಿಚಿತ್ರವಿದೆ. ತೇವ ಹತ್ತಿದರೆ ಮೂಲದ್ರವ್ಯ ನಾಶವಾಗುವುದಿಲ್ಲ. ಅದು ನೀರನ್ನು ಹೀರಿ ಬೇರೊಂದು ಹರಳಿನ ರೂಪಕ್ಕೆ ತಿರುಗಿ, ಗುಳಿಗೆ ಗಟ್ಟಿಯಾಗಿ, ಹೊಟ್ಟೆಯಲ್ಲಿ ಸರಿಯಾಗಿ ಕರಗದೆ ಹೋಗುವುದು. ತೂಕಕ್ಕೆ ಇದೆ, ಗುಣಕ್ಕೆ ಇಲ್ಲ. ಅಮೇರಿಕೆಯ ಔಷಧ ಇಲಾಖೆಯವರು 1990ರಲ್ಲಿ, ತೇವದಲ್ಲಿಟ್ಟ ಕಾರ್ಬಮಾಜೆಪಿನ್ ಗುಳಿಗೆಗಳು ತಮ್ಮ ಪರಿಣಾಮದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟನ್ನು ಕಳೆದುಕೊಳ್ಳಬಹುದೆಂದು ಪ್ರಕಟವಾಗಿ ಎಚ್ಚರಿಕೆ ಕೊಟ್ಟರು. ಸ್ನಾನದ ಮನೆಯಲ್ಲಿ ಇಡಬೇಡಿರೆಂದು ಹೇಳಿದರು. ಮುದ್ದತಿನ ಒಳಗೇ ಔಷಧ ಹಾಳಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಅಜ್ಜಿಯವರ ಡಬ್ಬಿಯ ಮಗ್ಗುಲಲ್ಲಿ ದಿನಕ್ಕೆ ಎರಡು ಸಲ ಅನ್ನದ ಪಾತ್ರೆಯ ಹಬೆ ಏಳುತ್ತಿತ್ತು. ಸೋಡಿಯಂ ವಾಲ್‌ಪ್ರೊಯೇಟ್ ಗುಳಿಗೆಯಂತೂ ಬಿಚ್ಚಿಟ್ಟರೆ ಗಾಳಿಯ ತೇವವನ್ನು ಎಳೆದುಕೊಂಡು ಮೆತ್ತಗಾಗಿಬಿಡುವುದು. ನುಂಗುವ ಹೊತ್ತಿಗೇ ಅದನ್ನು ಬೇಗಡೆಯಿಂದ ತೆಗೆಯತಕ್ಕದ್ದು. ಮಕ್ಕಳಿಗೆ ಕೊಡುವ ದ್ರವರೂಪದ ಔಷಧಗಳಲ್ಲಿ ಇನ್ನೊಂದು ತಾರೀಖು ಸೇರಿಕೊಳ್ಳುವುದು: ಬಾಟಲಿ ತೆರೆದ ದಿನದಿಂದ ಎಣಿಸಬೇಕಾದುದು. ಆಕ್ಸ್‌ಕಾರ್ಬಜೆಪಿನ್‌ನ ಮೂಲ ತಯಾರಿಕೆಯ ದ್ರಾವಣವನ್ನು ತೆರೆದ ಮೇಲೆ ಏಳು ವಾರಗಳೊಳಗೆ ಮುಗಿಸಬೇಕು, ಮೇಲಿನ ಮುದ್ದತು ಎಷ್ಟು ದೂರವಿದ್ದರೂ ಸರಿ. ಬಾಟಲಿ ತೆರೆದ ದಿನವನ್ನು ಅದರ ಮೇಲೆಯೇ ಬರೆದಿಡುವ ಮನೆಗಳು ಎಷ್ಟಿವೆ?

ನಮ್ಮ ನಾಡಿಗೆ, ವಿಶೇಷವಾಗಿ ಮೈಸೂರು ಸೀಮೆಗೆ, ಸಂಬಂಧಪಟ್ಟ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲಾರೆವು. ತಲೆಯ ಮೇಲೆ ಬಿಸಿನೀರನ್ನು ಚೊಂಬು ಚೊಂಬಾಗಿ ಹೊಯ್ದುಕೊಳ್ಳುವಾಗ ಕೆಲವರಿಗೆ ಸೆಳವು ಬರುವುದು. ಬಿಸಿನೀರಿನ ಅಪಸ್ಮಾರವೆಂಬ ಈ ರೋಗ ಜಗತ್ತಿನ ಬೇರೆಡೆಗಳಲ್ಲಿ ಅಪರೂಪ. ದಕ್ಷಿಣ ಕರ್ನಾಟಕದಲ್ಲಿ ಅಪರೂಪವಲ್ಲ. ಡಾಕ್ಟರ್ ಕೆ. ಎಸ್. ಮಣಿ ಮತ್ತು ಅವರ ಸಹಕಾರಿಗಳು 1968ರಲ್ಲಿ ಇದನ್ನು ಕುರಿತು ವೈದ್ಯಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮುಂದೆ ನೂರಾರು ರೋಗಿಗಳನ್ನು ಪರೀಕ್ಷಿಸಿ ಈ ಅಭ್ಯಾಸವನ್ನು ಬೆಳೆಯಿಸಿದರು. ನೀರಿನ ಕಾವನ್ನು ಇಳಿಸಿಕೊಂಡರೆ ಬಹುಮಂದಿಗೆ ಗುಣವುಂಟು. ಸಾಲದವರಿಗೆ, ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಗುಳಿಗೆಯೊಂದನ್ನು ಕೊಡುವ ಪದ್ಧತಿಯನ್ನು ವೈದ್ಯರು ನಡೆಸಿಕೊಂಡು ಬಂದಿದ್ದಾರೆ. ಈಗ ಲೆಕ್ಕ ಹಾಕಿರಿ. ವಾರಕ್ಕೊಂದು ಸ್ನಾನಕ್ಕೆ ಒಂದು ಗುಳಿಗೆಯಾದರೆ ಹತ್ತರ ಒಂದು ಪಟ್ಟಿ ಹತ್ತು ವಾರ ಬರುವುದು. ಮೂರು ಪಟ್ಟಿ ತಂದರೆ ಅರ್ಧ ವರ್ಷ ಮೀರುವುದು. ಆ ಪಟ್ಟಿಯನ್ನು ನೆನಪಿಗೆಂದು ಎಲ್ಲಿ ಸಿಕ್ಕಿಸಿಡುವರು? ಬಚ್ಚಲುಮನೆಯ ಗೂಡಿನಲ್ಲಿ, ಸೀಗೆಪುಡಿಯ ಮಗ್ಗುಲಲ್ಲಿ, ಹಂಡೆಯ ಹಬೆಯ ನೇರಕ್ಕೆ. ದಿನವೂ ನುಂಗುವ ಗುಳಿಗೆ ತಿಂಗಳಿಗೆ ಮುಗಿದು ಹೊಸದು ಬರುವುದು. ಎಂದಾದರೊಮ್ಮೆ ಬೇಕಾಗುವುದೇ ಮನೆಯಲ್ಲಿ ಮುದುಕಾಗುವುದು. ತಾರೀಖು ನೋಡಬೇಕಾದುದು ಇದರದೇ.

ಸೆಳವು ನಿಲ್ಲದಿದ್ದಾಗ ಮೂಗಿನೊಳಗೆ ಸಿಂಪಡಿಸುವ ಮಿಡಜೋಲಾಮ್ ಸೀಸೆಯೂ ಇದೇ ಜಾತಿಯದು. ಐದು ನಿಮಿಷ ಮೀರಿದ ಸೆಳವು ಪ್ರಾಣಕ್ಕೆ ಅಪಾಯ. ಆ ಹೊತ್ತಿನಲ್ಲಿ ತಾಯಿ ಚೀಲದಿಂದ ತೆಗೆದ ಸೀಸೆ ಕೆಲಸಮಾಡಲೇಬೇಕು. ಅದನ್ನು ಕೊಂಡ ದಿನವೇ ಮುಗಿಯುವ ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿ, ಆ ತಿಂಗಳು ಬರುವ ಮುಂಚೆಯೇ ಹೊಸದನ್ನು ತರಿಸುವುದು ಒಳ್ಳೆಯದು. ಶಾಲೆಯಲ್ಲಿ ಒಂದನ್ನು ಕೊಟ್ಟಿದ್ದರೆ ಅದರದೂ ಲೆಕ್ಕವಿಡಬೇಕು. ಮಾಸ್ತರರ ಮೇಜಿನ ಡ್ರಾಯರಿನಲ್ಲಿ ಅದು ಬಿದ್ದು ಎರಡು ವರ್ಷವಾದುದು ಮಾಸ್ತರರಿಗೇ ತಿಳಿದಿರುವುದಿಲ್ಲ.

ಜಗತ್ತಿನಲ್ಲಿ ಸುಮಾರು ಐದು ಕೋಟಿ ಜನರಿಗೆ ಅಪಸ್ಮಾರವಿದೆಯೆಂದೂ, ಸರಿಯಾದ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ 70 ಮಂದಿಯ ವರೆಗೆ ಸೆಳವಿಲ್ಲದೆ ಬಾಳಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಸೆಳವು ಬಂದವನ ಕೈಗೆ ಕಬ್ಬಿಣದ ಕೀಲಿ ಕೊಡುವುದನ್ನು ಬಿಟ್ಟು ಡಾಕ್ಟರರಲ್ಲಿಗೆ ಹೋಗುವಷ್ಟು ದೂರ ನಮ್ಮ ಜನ ಬಂದಿದ್ದಾರೆ. ಬರೆಯಿಸಿಕೊಂಡು ತಂದ ಗುಳಿಗೆಯನ್ನು ಒಲೆಯ ಬದಿಯಲ್ಲಿಟ್ಟು ಆ ದೂರವನ್ನೆಲ್ಲ ವ್ಯರ್ಥಮಾಡಿಕೊಳ್ಳುವುದು ವಿಷಾದಕರ.

ಇನ್ನು ಮನಸ್ಸಿನ ಕಳವಳಕ್ಕೆ ಕೊಡುವ ಔಷಧಗಳು. 1960ರಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, 1963ರಲ್ಲಿ ಡಯಾಜೆಪಾಮ್ ಮಾರುಕಟ್ಟೆಗೆ ಬಂದುವು. ಆ ಕುಲದಲ್ಲಿಯೇ ಹುಟ್ಟಿದ ಕ್ಲೋನಜೆಪಾಮ್ ಎರಡು ಕೆಲಸ ಮಾಡುವುದು. ಒಬ್ಬನಿಗೆ ಸೆಳವು ತಡೆಯಲು, ಇನ್ನೊಬ್ಬನಿಗೆ ಎದೆ ಹಾರುವುದನ್ನು ನಿಲ್ಲಿಸಲು ಡಾಕ್ಟರರು ಅದನ್ನೇ ಬರೆಯುವರು. ಬೆಳಕಿನಿಂದ ಅದನ್ನು ಕಾಯಬೇಕು. ಆದರೆ ಈ ಕುಲದ ವಿಷಯದಲ್ಲಿ ನಮಗಿರುವ ಚಿಂತೆ ಗುಳಿಗೆ ಸಪ್ಪೆಯಾಗುವುದರದಲ್ಲ, ಸಪ್ಪೆಯಾಗದೆ ಉಳಿಯುವುದರದು. ಹದಿನೈದು ದಿನಕ್ಕೆ ಬರೆದುಕೊಟ್ಟುದರಲ್ಲಿ ಎಂಟು ದಿನಕ್ಕೆ ಮನಸ್ಸು ಸಮಾಧಾನವಾಯಿತು. ಉಳಿದುದು ಪೆಟ್ಟಿಗೆಗೆ ಸೇರಿತು. ಮುಂದಿನ ವರ್ಷ ಮಗಳ ಮದುವೆಯ ಕಳವಳದಲ್ಲಿ, ಇಲ್ಲವೆ ಕಚೇರಿಯ ತನಿಖೆಯ ಹಿಂದಿನ ರಾತ್ರಿ, ಅದನ್ನು ಹುಡುಕುವರು. ತಾರೀಖು ಮುಗಿದಿದೆ; "ಹಳೆಯದು, ಕಸುವು ಕಡಿಮೆಯಾಗಿರಬೇಕು" ಎಂದು ಒಂದರ ಬದಲು ಎರಡು ನುಂಗುವರು. ಕಸುವು ಕಡಿಮೆಯಾಗಿರದಿದ್ದರೆ? ವಯಸ್ಸಾದವರು ರಾತ್ರಿ ಎದ್ದು ತೂರಾಡಿ ಬಿದ್ದು ತೊಡೆಯ ಎಲುಬು ಮುರಿದುಕೊಳ್ಳುವುದು ಹೀಗೆಯೇ. ಮದ್ಯದ ಜೊತೆಗೂ ನೋವಿನ ಕೆಲವು ತೀವ್ರ ಔಷಧಗಳ ಜೊತೆಗೂ ಸೇರಿದರೆ ಇವು ಉಸಿರನ್ನೇ ಕುಗ್ಗಿಸುವುವು. ನೆರೆಮನೆಯವರಿಗೆ ಪ್ರೀತಿಯಿಂದ ಹಂಚುವವರೂ ಉಂಟು. ಈ ಪ್ರೀತಿಯನ್ನು ಉಪ್ಪಿನಕಾಯಿಗೆ ಮೀಸಲಿಡುವುದು ಲೇಸು. ಆಲ್ಪ್ರಜೋಲಾಮ್, ಡಯಾಜೆಪಾಮ್ ಮೊದಲಾದುವನ್ನು ಸರಕಾರದವರು ಎಚ್-1 ಎಂಬ ಅನುಸೂಚಿಗೆ ಸೇರಿಸಿ, 2014ರ ಮಾರ್ಚಿ 1ರಿಂದ ಅವುಗಳ ಮಾರಾಟಕ್ಕೆ ಬೇರೊಂದು ದಫ್ತರವನ್ನೇ ವಿಧಿಸಿರುವುದು ನಿಷ್ಕಾರಣವಲ್ಲ. ಅಂಗಡಿಯವರು ಆ ದಫ್ತರವನ್ನು ಮೂರು ವರ್ಷ ಕಾಯ್ದಿಡಬೇಕು. ಮನೆಯ ಪೆಟ್ಟಿಗೆಗೆ ಮಾತ್ರ ದಫ್ತರವಿಲ್ಲ.

ಹಾಗೆಂದು ತಾರೀಖು ಕಂಡು ಗಾಬರಿಯಾಗಿ ಔಷಧವನ್ನು ಥಟ್ಟನೆ ನಿಲ್ಲಿಸುವುದು ಇದಕ್ಕಿಂತ ದೊಡ್ಡ ಅಪಾಯ. ಈ ಮಾತನ್ನು ವಾಚಕರು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ದಿನವೂ ಕ್ಲೋನಜೆಪಾಮ್, ಫಿನೋಬಾರ್ಬಿಟಾಲ್ ಅಥವಾ ಅಪಸ್ಮಾರದ ಮತ್ತಾವುದೇ ಔಷಧ ತೆಗೆದುಕೊಳ್ಳುವವರು ಒಮ್ಮೆಲೇ ಬಿಟ್ಟರೆ, ಔಷಧ ತಡೆದಿದ್ದ ಸೆಳವು ಹಿಂದಿಗಿಂತ ಬಲವಾಗಿ ಬರಬಹುದು. ಒಂದರ ಮೇಲೊಂದರಂತೆ ಬಂದು ನಿಲ್ಲದೆಯೂ ಹೋಗಬಹುದು. ಮುನ್ನ ಸೆಳವನ್ನೇ ಕಾಣದೆ ಕೇವಲ ಕಳವಳಕ್ಕೆ ಈ ಗುಳಿಗೆ ನುಂಗುತ್ತಿದ್ದವರಿಗೂ ಬಹುಕಾಲದ ಅಭ್ಯಾಸವನ್ನು ಥಟ್ಟನೆ ನಿಲ್ಲಿಸಿದಾಗ ಸೆಳವು ಬಂದುದುಂಟು. ಆದಕಾರಣ ರಾತ್ರಿ ಹತ್ತು ಗಂಟೆಗೆ ಪಟ್ಟಿ ತಿರುವಿ ನೋಡಿ, ಮುದ್ದತು ಮೊನ್ನೆ ಮುಗಿದುದು ಕಂಡರೆ, ಆ ಹೊತ್ತಿನ ಗುಳಿಗೆಯನ್ನು ತಾವಾಗಿಯೇ ಬಿಟ್ಟುಬಿಡದೆ ಡಾಕ್ಟರರನ್ನೋ ಔಷಧಶಾಸ್ತ್ರ ತಿಳಿದ ಅಂಗಡಿಯವರನ್ನೋ ದೂರವಾಣಿಯಲ್ಲಿ ಕೇಳಬೇಕು. ಸರಿಯಾಗಿ ಇಟ್ಟ ಗುಳಿಗೆ ಎರಡು ದಿನದಲ್ಲಿ ಹಾಳಾಗುವುದಿಲ್ಲ. ಬಿಟ್ಟ ಹೊತ್ತು ಹಾಳುಮಾಡಬಲ್ಲುದು. ಬೆಳಗಾದೊಡನೆ ಹೊಸದನ್ನು ತರುವುದು ಆ ಮೇಲಿನ ಕೆಲಸ. ಬೇಗಡೆ ಹರಿದುದು, ಬಣ್ಣ ಬದಲಾದುದು, ಪುಡಿಯಾದುದು, ಮೆತ್ತಗಾದುದು ಇದ್ದರೆ ಮಾತ್ರ ತಾರೀಖು ಏನೇ ಹೇಳಲಿ, ಅದನ್ನು ನಂಬಬಾರದು.

ಮುದ್ದತು ಮೀರಿದುದನ್ನು ಏನು ಮಾಡಬೇಕು? ಬಾವಿಯ ಕಟ್ಟೆಯ ಹಿಂದೆ ಎಸೆಯುವುದು ನಮ್ಮ ವಾಡಿಕೆ. ಮಕ್ಕಳಿಗೂ ದನಗಳಿಗೂ ಅದು ಸಿಕ್ಕುವುದು. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯವರು 2025ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ಮನೆಯಲ್ಲಿ ಉಳಿದರೆ ಅತಿ ಅಪಾಯಕರವಾದ 17 ಔಷಧಗಳನ್ನು ಪಾಯಖಾನೆಯ ನೀರಿನಲ್ಲಿ ಹರಿಯಬಿಡಲು ಹೇಳಿದ್ದಾರೆ. ಡಯಾಜೆಪಾಮ್ ಆ ಪಟ್ಟಿಯಲ್ಲಿದೆ. ಉಳಿದುವನ್ನು ಹಿಂದಕ್ಕೆ ಪಡೆಯುವ ಕೇಂದ್ರಗಳಿಗೆ ಒಪ್ಪಿಸಬೇಕೆಂಬುದು ಉದ್ದೇಶ. ನೆರೆಯ ಕೇರಳದವರು ಇಂಥ ಸಂಗ್ರಹದ ಯೋಜನೆಯನ್ನು 2025ರಲ್ಲಿ ಕೋಳಿಕ್ಕೋಡಿನಿಂದ ಆರಂಭಿಸಿದರು. ನಮ್ಮಲ್ಲಿಯೂ ಪ್ರತಿ ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ ಒಂದು ಬೀಗದ ಪೆಟ್ಟಿಗೆಯನ್ನಿಡಲು ಎಷ್ಟು ಖರ್ಚು ಬಂದೀತು?

ಕಡೆಗೆ ಅಂಗಡಿಯವರ ಒಂದು ರೂಢಿಯ ಬಗೆಗೆ ಬರೆಯಬೇಕಾಗಿದೆ. ಹತ್ತರ ಪಟ್ಟಿಯಲ್ಲಿ ತಾರೀಖು ಸಾಮಾನ್ಯವಾಗಿ ಒಂದೇ ಕಡೆಯಲ್ಲಿ ಅಚ್ಚಾಗಿರುವುದು. ಆರು ಗುಳಿಗೆ ಕೇಳಿದವನಿಗೆ ಕತ್ತರಿ ಹಾಕಿ ಆರು ಕೊಡುವಾಗ, ತಾರೀಖು ಇರುವ ತುದಿ ಒಬ್ಬರಿಗೆ ಹೋಗುವುದು, ಬರಿಯ ಬೇಗಡೆ ಇನ್ನೊಬ್ಬರಿಗೆ. ಕೆಲವೊಮ್ಮೆ ಕತ್ತರಿಯು ಅಂಕೆಯ ನಡುವೆಯೇ ಹಾಯ್ದು ತಿಂಗಳು ಒಂದು ಕಡೆ ವರ್ಷ ಒಂದು ಕಡೆ ಆಗುವುದು. ಬಡವನು ತಿಂಗಳ ಔಷಧವನ್ನು ಒಮ್ಮೆಲೇ ಕೊಳ್ಳಲಾರನಾದುದರಿಂದ ಆರೋ ನಾಲ್ಕೋ ಕೇಳುವನು. ಹೀಗಾಗಿ ತಾರೀಖಿಲ್ಲದ ತುಂಡು ಬಡವನ ಮನೆಗೇ ಹೆಚ್ಚಾಗಿ ಸೇರುವುದು. ಕತ್ತರಿಸಬಾರದೆಂದು ನಾವು ಹೇಳಲಾರೆವು; ಹೇಳಿದರೆ ಬಡವನ ಗುಳಿಗೆಯೇ ತಪ್ಪೀತು. ಆದರೆ ತಾರೀಖನ್ನು ಪ್ರತಿಯೊಂದು ಗುಳಿಗೆಯ ಬೆನ್ನ ಮೇಲೂ ಅಚ್ಚುಮಾಡುವುದು ಕಂಪೆನಿಗಳಿಗೆ ಅಸಾಧ್ಯವೇನಲ್ಲ. ಔಷಧದ ಹೆಸರು ಅಲ್ಲಿ ಹತ್ತು ಸಲ ಇರುವುದಿಲ್ಲವೆ? 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಹೆಸರಿನ ಔಷಧಗಳ ಮೇಲೆ, ಮೊಬೈಲಿನಿಂದ ಓದಬಹುದಾದ ಕ್ಯೂಆರ್ ಸಂಕೇತವನ್ನೋ ಬಾರ್‌ಕೋಡನ್ನೋ ಮುದ್ರಿಸುವುದು ಕಡ್ಡಾಯವಾಗಿದೆ. ತಯಾರಾದ ತಾರೀಖು, ಮುಗಿಯುವ ತಾರೀಖು, ತಂಡದ ಸಂಖ್ಯೆ ಎಲ್ಲವೂ ಅದರಲ್ಲಿ ಅಡಗಿರುವುವು. ಒಳ್ಳೆಯದೇ. ಕತ್ತರಿಸಿದ ತುಂಡಿನಲ್ಲಿ ಆ ಸಂಕೇತವೂ ಇರುವುದಿಲ್ಲವೆಂಬುದು ಬೇರೆ ಮಾತು. ಇದ್ದರೂ, "ಇ-ಎಕ್ಸ್-ಪಿ" ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಓದಲಾರದ ಅಜ್ಜಿಯೇ ಮನೆಯಲ್ಲಿ ಔಷಧ ಕೊಡುವವಳಾಗಿರುವಾಗ ಅದರಿಂದ ಅವಳಿಗೆ ಆಗುವುದೇನು? ನಮ್ಮ ನಾಡಿನಲ್ಲಿ ಮಾರುವ ಪಟ್ಟಿಯ ಮೇಲೆ "ಈ ತಿಂಗಳ ವರೆಗೆ" ಎಂಬ ಎರಡು ಮೂರು ಕನ್ನಡ ಮಾತುಗಳಿಗೆ ಸ್ಥಳ ಸಿಕ್ಕದೆ ಹೋಗದು.

ಅದಾಗುವ ವರೆಗೆ ಕೊಳ್ಳುವವರು ತುಂಡನ್ನು ತಿರುವಿ ನೋಡಿ, ತಾರೀಖು ಇಲ್ಲದಿದ್ದರೆ ಅಂಗಡಿಯಲ್ಲಿಯೇ ಬರೆಯಿಸಿಕೊಳ್ಳಬಹುದು. ಬಿಲ್ಲನ್ನು ಕೇಳಿ ಪಡೆದು ಔಷಧದ ಜೊತೆಯಲ್ಲಿಯೇ ಇಡಬಹುದು. ನಮ್ಮ ಬೀದಿಯ ಅಂಗಡಿಯವರೊಬ್ಬರಿಗೆ ಈ ಹುಡುಗನ ಸಂಗತಿಯನ್ನು ತಿಳಿಸಿದೆವು. ಅಂದಿನಿಂದ ಅವರು ತುದಿಯಿಲ್ಲದ ತುಂಡು ಕೊಡುವಾಗ ಕಾಗದದ ಲಕೋಟೆಯ ಮೇಲೆ ಮುಗಿಯುವ ತಿಂಗಳನ್ನೂ ವರ್ಷವನ್ನೂ ಕನ್ನಡದಲ್ಲಿ ಬರೆದುಕೊಡುತ್ತಿದ್ದಾರೆ. ಅದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲವೆಂದು ಅವರೇ ಹೇಳಿದರು.